ಏಳು ಮನೆಗಳ ಹುಡುಗ

ಸೋಮವಾರದ ದಿನ ರೊಟ್ಟಿ ಬಡಿಯುವಾಗ ಗುರುಸಿದ್ದವ್ವ ಮಾತನಾಡುವುದಿಲ್ಲ. ಉಳಿದ ಆರು ದಿನ ಅವಳ ಬಾಯಿಗೆ ಬಿಡುವಿಲ್ಲವೆಂಬುದನ್ನು ಹಳಿಯಾಳದ ಆ ಓಣಿಯಲ್ಲಿ ಯಾರನ್ನು ಕೇಳಿದರೂ ನಗುತ್ತಲೇ ಹೇಳುತ್ತಾರೆ. ಸೋಮವಾರ ಮಾತ್ರ ಅವಳ ಕಿವಿ ಬಾಗಿಲ ಕಡೆಗೇ ಇರುತ್ತದೆ. "ಅವ್ವಾ" ಎಂದು ಯಾರೋ ಕರೆದಂತಾಗಿ ಹಿಟ್ಟಿನ ಕೈಯಲ್ಲೇ ಎದ್ದು ಬರುತ್ತಾಳೆ. ಹೊಸ್ತಿಲಾಚೆ ಯಾರೂ ಇರುವುದಿಲ್ಲ. ಎಂಟು ವರ್ಷದಿಂದ ಹೀಗೇ ನಡೆದಿತ್ತು.

ಆ ಸೋಮವಾರವೂ ಎದ್ದು ಬಂದಳು. ಪಡಸಾಲೆಯಲ್ಲಿ ಗಂಡ ಮಹಾಂತಪ್ಪ ಕಾಗದ ಹರವಿಕೊಂಡು ಕೂತಿದ್ದ.

"ಯಾರರ ಕರದ್ರೇನ್ರೀ?"

"ಯಾರೂ ಇಲ್ಲ. ಒಳಗ ಹೋಗು," ಎಂದ, ತಲೆ ಎತ್ತಲಿಲ್ಲ.

ಮಹಾಂತಪ್ಪ ಕಟ್ಟಿಗೆ ಡಿಪೋದಲ್ಲಿ ಕಾರಕೂನ. ಅಕ್ಷರ ದುಂಡಗಿದ್ದದ್ದರಿಂದ ಓಣಿಯ ಅರ್ಜಿಗಳೆಲ್ಲ ಅವನ ಕೊರಳಿಗೇ ಬೀಳುತ್ತಿದ್ದವು. ಈ ಸಲದ ಅರ್ಜಿ ವಿದ್ಯಾರ್ಥಿಗಳ ವಸತಿಗೃಹದ ವಿರುದ್ಧವಾಗಿತ್ತು. ರಾಜ್ಯ ಒಂದಾಗಿ ಐದಾರು ವರ್ಷವಾಗಿತ್ತು. ಹಳ್ಳಿಗಳಿಂದ ಹೈಸ್ಕೂಲಿಗೆ ಬರುವ ಹುಡುಗರು ಹೆಚ್ಚಿದ್ದರು. ಅವರಲ್ಲಿ ನಲವತ್ತು ಜನರಿಗಾಗಿ ಓಣಿಯ ತುದಿಯಲ್ಲಿ, ಬಸವಣ್ಣನ ಗುಡಿಯ ಪಕ್ಕದ ಬಯಲಿನಲ್ಲಿ ಕಟ್ಟಡ ಎಬ್ಬಿಸಬೇಕೆಂದು ಊರಿನ ಸಮಿತಿಯೊಂದು ಗೊತ್ತುಮಾಡಿತ್ತು. ಓಣಿಗೆ ಅದು ಬೇಡವಾಗಿತ್ತು.

ಸಂಜೆ ಸಮಿತಿಯ ಪರವಾಗಿ ಚನಬಸಪ್ಪ ಮಾಸ್ತರರು ನಕಾಶೆ ಹಿಡಿದುಕೊಂಡು ಮಹಾಂತಪ್ಪನ ಪಡಸಾಲೆಗೇ ಬಂದರು. ಓಣಿಯ ಹಿರಿಯರೆಲ್ಲ ಅಲ್ಲಿ ಸೇರಿದ್ದರು.

"ಮಾಸ್ತರ, ನಾವೇನು ಸಾಲಿ ಬ್ಯಾಡ ಅನ್ನೂ ಮಂದಿ ಅಲ್ಲ," ಎಂದು ಅರಿವೆ ಅಂಗಡಿಯ ಶೇಖಪ್ಪ ಶುರುಮಾಡಿದ. "ಓಣ್ಯಾಗ ಇರೂದು ಒಂದ ಬಾವಿ. ಬ್ಯಾಸಗ್ಯಾಗ ಕೊಡಾ ಮುಳುಗೂದಿಲ್ಲ. ನಲವತ್ತು ಹುಡುಗೂರಿಗೆ ನೀರು ಎಲ್ಲಿಂದ ತರ್ತೀರಿ?"

ನೆರೆಮನೆಯ ಸಕ್ಕುಬಾಯಿ ಸೆರಗು ಸರಿಪಡಿಸಿಕೊಂಡಳು. "ಹರೇದ ಹೆಣ್ಣಮಕ್ಕಳು ನೀರಿಗೆ ಹೋಗೂ ದಾರಿರೀ ಅದು. ನಾಳೆ ಏನರ ಆದ್ರ ಯಾರನ್ನ ಕೇಳೂಣು?"

ಮಾಸ್ತರರು ಸಿಟ್ಟಾಗಲಿಲ್ಲ. "ಬ್ಯಾರೆ ಬಾವಿ ತೋಡಸ್ತೀವ್ರಿ. ಬಾಗಲಾ ಆ ಕಡೆ ರಸ್ತೆಕ್ಕ ಇಡ್ತೀವಿ. ಆದ್ರ ಮುಂಡಗೋಡ ಕಡಿಂದ ಬಂದ ಹುಡುಗ ಎಲ್ಲಿ ಮಲಗಬೇಕು, ಅದನ್ನ ನೀವ ಹೇಳ್ರಿ."

"ಆ ಜಾಗಾ ಚಲೋ ಇಲ್ರಿ," ಎಂದ ಶೇಖಪ್ಪ, ದನಿ ತಗ್ಗಿಸಿ. "ಹೊತ್ತು ಮುಣುಗಿದ ಮ್ಯಾಲೆ ಅಲ್ಲಿ ಯಾರೂ ಹಾಯೂದಿಲ್ಲ."

"ನಾ ಈ ಊರಿಗೆ ಬಂದು ಎರಡ ವರ್ಷ. ಏನಾಗೈತಿ ಅಲ್ಲಿ?"

ಸಕ್ಕುಬಾಯಿ ನೆಲ ನೋಡಿದಳು. ಮಾಸ್ತರರು ಮಾತು ಮುಂದುವರಿಸಿದರು. "ಸದ್ಯಕ್ಕ ಖೋಲಿ ಅಷ್ಟ ಕಟ್ಟಸ್ತೀವಿ. ಊಟಕ್ಕ ಮೊದಲಿನಂಗ ದಿನಕ್ಕೊಂದು ಮನಿಯಂಗ ವಾರ ಹಿಡದ್ರ ನಡೀತೈತಿ."

"ವಾರ ಬ್ಯಾಡ್ರಿ!"

ಬಾಗಿಲಲ್ಲಿ ಗುರುಸಿದ್ದವ್ವ ನಿಂತಿದ್ದಳು. ಸೋಮವಾರ ಅವಳ ದನಿ ಕೇಳಿ ಎಲ್ಲರೂ ಬೆಚ್ಚಿಬಿದ್ದರು.

"ಆ ಬಯಲಿನಾಗ ಒಂದು ಖೋಲಿ ಇತ್ತರಿ ಮಾಸ್ತರ. ಅದರಾಗ ಸಾಲಿ ಕಲಿಯೂ ಹುಡುಗ ಒಬ್ಬ ಇದ್ದ. ಸೋಮವಾರ ನಮ್ಮ ಮನ್ಯಾಗ ಉಣತಿದ್ದ, ಮಂಗಳವಾರ ಶೇಖಪ್ಪಣ್ಣಾರ ಮನ್ಯಾಗ, ಬುಧವಾರ ಸಕ್ಕುಬಾಯಿ ಮನ್ಯಾಗ. ಹಿಂಗ ಏಳು ದಿನಕ್ಕ ಏಳು ಮನಿ. ನಾವು ಅವಂಗ ಸೋಮವಾರದಾವ ಅಂತಿದ್ವಿ, ಅವರು ಮಂಗಳವಾರದಾವ ಅಂತಿದ್ರು. ಹೆಸರು ಯಾರೂ ಕೇಳಲಿಲ್ಲ." ಅವಳು ಉಸಿರು ತಗೊಂಡಳು. "ನನ್ನ ಮಗಳು ದೊಡ್ಡಾಕಿ ಆದ್ಲು. ಮನಿಗೆ ಹರೇದ ಹುಡುಗ ಬಂದ್ರ ಜನಾ ಏನಂದಾರು ಅಂತ, ಸೋಮವಾರ ಬರಬ್ಯಾಡಪಾ ಅಂದೆ. ಹೂಂರೀ ಅವ್ವಾ ಅಂತ ಹ್ವಾದ. ಸೋಮವಾರ ಉಪಾಸ ಇರ್ತೇನಿ ಅಂತ ಬ್ಯಾರೆ ಮನ್ಯಾಗ ಹೇಳಲೇ ಇಲ್ಲ."

ಅವಳು ಬರಬೇಡವೆಂದ ಮೂರನೆಯ ವಾರ ಹುಡುಗನಿಗೆ ಜ್ವರ ಬಂತು. ಮಂಗಳವಾರ ಅವನು ಬರದಿದ್ದಾಗ ಶೇಖಪ್ಪನ ಮನೆಯವರು ಊರಿಗೆ ಹೋಗಿರಬೇಕೆಂದುಕೊಂಡರು. ಬುಧವಾರ ಸಕ್ಕುಬಾಯಿಯೂ ಹಾಗೇ ಅಂದುಕೊಂಡಳು. ಗುರುವಾರದ ಮನೆಯವರು, ಬೇರೆಲ್ಲೋ ಉಂಡಿರಬೇಕು ಎಂದರು. ಒಂದೇ ಮನೆಯವನಾಗಿದ್ದರೆ ಯಾರಾದರೂ ಹುಡುಕುತ್ತಿದ್ದರು; ಏಳು ಮನೆಯವನಾದ್ದರಿಂದ ಯಾರೂ ಹುಡುಕಲಿಲ್ಲ. ಶುಕ್ರವಾರ ಗುಡಿಯ ಅಯ್ಯನವರು ಖೋಲಿಯ ಬಾಗಿಲು ದೂಡಿದಾಗ ಜೀವ ಹೋಗಿತ್ತು. ಅವನ ಅಪ್ಪ ಬಂದು "ಉಳವಪ್ಪಾ" ಎಂದು ಬಾಯಿ ಬಡಿದುಕೊಂಡಾಗಲೇ ಓಣಿಗೆ ಅವನ ಹೆಸರು ಗೊತ್ತಾದದ್ದು.

"ಎಂಟು ವರ್ಷ ಆತ್ರಿ," ಎಂದಳು ಗುರುಸಿದ್ದವ್ವ. "ಸೋಮವಾರ ಬಂತಂದ್ರ ಈಗೂ ಬಾಗಲದಾಗ ನಿಂತು ಕರೀತಾನ."

ಮಹಾಂತಪ್ಪ ಲೇಖನಿ ಕೆಳಗಿಟ್ಟ.

"ಅವ ಬಂದಿದ್ದ," ಎಂದ.

"ಯಾರು?"

"ಉಳವಪ್ಪ. ಆ ಕಡೀ ಸೋಮವಾರ. ನೀ ಹಿತ್ತಲದಾಗ ಇದ್ದಿ. ಚೌಕಟ್ಟ ಹಿಡಕೊಂಡು ನಿಂತಿದ್ದ, ಮೈ ನಡಗತಿತ್ತು. ಅವ್ವಾ ಅಂತ ಒಂದ ಸಲ ಕರದ. ಗಂಜಿ ಇದ್ರ ಕೊಡ್ರಿ ಅಂದ. ನಿನ್ನ ವಾರ ಬಿಡಿಸೇವಿ, ಮತ್ಯಾಕ ಬಂದಿ ಅಂತ ನಾನ ಹೊಳ್ಳಿ ಕಳಿಸಿದೆ. ನೀ ಓಡಿ ಬಂದು ಯಾರು ಕರದ್ರು ಅಂತ ಕೇಳಿದಿ. ಯಾರೂ ಇಲ್ಲ ಅಂದೆ." ಅವನು ಹೆಂಡತಿಯ ಮುಖ ನೋಡಲಾರದೆ ಹೋದ. "ಅವತ್ತಿನಿಂದ ಅದನ್ನ ಹೇಳಕೋತ ಬಂದೇನಿ."

ಗುರುಸಿದ್ದವ್ವ ಹೊಸ್ತಿಲ ಮೇಲೆ ಕುಸಿದು ಕೂತಳು. ಅದು ದೆವ್ವವಿರಬೇಕು, ಇಲ್ಲವೇ ತನ್ನ ತಲೆ ಕೆಟ್ಟಿರಬೇಕು ಎಂದು ಇಷ್ಟು ವರ್ಷ ಒಳಗೊಳಗೇ ಹೆದರಿದ್ದಳು. ಆ ಕಡೆಯ ಸೋಮವಾರ ಹಸಿದ ಹುಡುಗ ನಿಜವಾಗಿಯೂ ಕರೆದಿದ್ದ, ತಾನು ನಿಜವಾಗಿಯೂ ಕೇಳಿದ್ದಳು. ಗಂಡನ ಮೇಲೆ ಸಿಟ್ಟು ಉಕ್ಕಿ ಬಂತು. ಆದರೆ ಮೊದಲು ಬರಬೇಡವೆಂದವಳು ತಾನೇ ಎಂಬುದು ನೆನಪಾಗಿ ಬರಿ ಅಳು ಬಂತು.

ಶೇಖಪ್ಪ ಕಾಗದದ ಕಡೆ ಕೈ ತೋರಿಸಿದ. "ಅರ್ಜಿ ಹರದು ಒಗಿ ಮಹಾಂತಪ್ಪ. ನಮಗ ಬ್ಯಾಡದು."

"ಹರೀಬ್ಯಾಡ್ರಿ," ಎಂದಳು ಗುರುಸಿದ್ದವ್ವ, ಕಣ್ಣೊರೆಸಿಕೊಂಡು. "ಬ್ಯಾರೆ ಬರೀರಿ. ಅಡಗಿಮನಿ ಇಲ್ಲದ ಬೋರ್ಡಿಂಗ ನಮ್ಮ ಓಣ್ಯಾಗ ಬ್ಯಾಡ ಅಂತ ಬರೀರಿ. ನಲವತ್ತೂ ಹುಡುಗೂರು ಒಂದ ಕಡೆ ಕುಂತು ಉಣಬೇಕು. ದಿನಾ ಸಂಜಿಗೆ ಒಬ್ಬೊಬ್ಬರ ಹೆಸರು ಹಿಡದು ಕರೀಬೇಕು. ಒಬ್ಬ ಓಗೊಡಲಿಲ್ಲ ಅಂದ್ರ, ಅವ ಸಿಗೂತನಕ ಯಾರೂ ತಾಟಿಗೆ ಕೈ ಹಚ್ಚಬಾರದು."

ಮಾಸ್ತರರು ನಕಾಶೆ ಮಡಿಚಿದರು. "ಅಡಗಿಮನಿ ಹೆಂಗರ ಮಾಡಿ ಕಟ್ಟಸೂಣ್ರಿ ಅವ್ವಾರ. ದಿನಾ ಬಂದು ಹೆಸರು ಕರಿಯಾಕ ಮಾತ್ರ ಸಮಿತಿ ಕಡೆ ಮನಷ್ಯಾರಿಲ್ಲ."

ಮಹಾಂತಪ್ಪ ಹೊಸ ಕಾಗದ ತೆಗೆದುಕೊಂಡು ಹೆಂಡತಿ ಹೇಳಿದ್ದನ್ನೆಲ್ಲ ಬರೆದ. ಕೆಳಗೆ ಇನ್ನೊಂದು ಸಾಲು ತಾನಾಗಿ ಸೇರಿಸಿದ. ಕಾಗದವನ್ನು ಮಾಸ್ತರರ ಕೈಗೆ ಕೊಟ್ಟ. ಅವರು ಕೊನೆಯ ಸಾಲನ್ನು ಗಟ್ಟಿಯಾಗಿ ಓದಿದರು.

"ಹುಡುಗರ ಹೆಸರು ಕರೆಯುವ ಕೆಲಸವನ್ನು, ನನ್ನ ಜೀವ ಇರುವವರೆಗೆ, ನಾನೇ ಮಾಡುತ್ತೇನೆ."

ಅದರ ಕೆಳಗೆ ಗುರುಸಿದ್ದವ್ವ ಎಲ್ಲರಿಗಿಂತ ಮೊದಲು ಹೆಬ್ಬೆಟ್ಟು ಒತ್ತಿದಳು.