ಹಂಚಿ ನುಂಗಿದ ಮಾತ್ರೆ

ಹೋಟೆಲುಗಳ ಹಾಸಿಗೆ ಬಟ್ಟೆ ಒಗೆಯುವ ಲಾಂಡ್ರಿಯಲ್ಲಿ ಅವಳದು ಕಲೆ ನೋಡುವ ಕೆಲಸ. ಟ್ಯೂಬ್‌ಲೈಟಿನ ಕೆಳಗೆ ಉದ್ದನೆಯ ಮೇಜಿನ ಮೇಲೆ ಚಾದರ ಹರಡಿ, ಇದು ಚಹಾ, ಇದು ರಕ್ತ, ಇದು ಲಿಪ್‌ಸ್ಟಿಕ್ ಎಂದು ಬೇರೆ ಬೇರೆ ಬುಟ್ಟಿಗೆ ಹಾಕಬೇಕು. ಹನ್ನೊಂದು ವರ್ಷದಲ್ಲಿ ಅವಳ ಕಣ್ಣಿಗೆ ಗುರುತು ಸಿಗದ ಕಲೆ ಇರಲಿಲ್ಲ. ಒಂದು ಬೆಳಿಗ್ಗೆ ಬಚ್ಚಲಲ್ಲಿ ತನ್ನದೇ ಒಳ ಉಡುಪಿನ ಮೇಲೆ ಹಸಿರು ಬೆರೆತ ಹಳದಿ ಕಲೆ ಕಂಡಾಗ ಮಾತ್ರ ಅದು ಏನೆಂದು ತಿಳಿಯಲಿಲ್ಲ.

ಮೂತ್ರಕ್ಕೆ ಹೋದರೆ ಉರಿ, ಕಿಬ್ಬೊಟ್ಟೆಯಲ್ಲಿ ಹಿಡಿದು ಬಿಟ್ಟಂಥ ನೋವು. ಉಷ್ಣವಿರಬೇಕೆಂದು ನಾಲ್ಕು ದಿನ ನೀರು ಕುಡಿದಳು. ಐದನೆಯ ದಿನ ಕೆಲಸದಿಂದ ಬೇಗ ಹೊರಟು ಆಸ್ಪತ್ರೆಗೆ ಹೋದಳು. ಪರೀಕ್ಷೆಯ ಫಲಿತಾಂಶ ಬಂದ ದಿನ ವೈದ್ಯೆ ಗೊನೋರಿಯಾ, ಗಂಡಹೆಂಡಿರ ಸಂಪರ್ಕದಿಂದ ಹರಡುವ ಸೋಂಕು ಎಂದರು. ಸೊಂಟಕ್ಕೆ ಒಂದು ಇಂಜೆಕ್ಷನ್, ಬೆಳಿಗ್ಗೆ ಒಂದು ಸಂಜೆ ಒಂದರಂತೆ ಏಳು ದಿನಕ್ಕೆ ಹದಿನಾಲ್ಕು ಮಾತ್ರೆ. ನರ್ಸು ಅವಳ ಗಂಡನಿಗೆಂದು ಒಂದು ಚೀಟಿ ಬರೆದುಕೊಟ್ಟಳು. ಅವರಿಗೂ ಇಲ್ಲೇ ಚಿಕಿತ್ಸೆ ಆಗಬೇಕು, ಇಬ್ಬರದೂ ಮುಗಿದು ಏಳು ದಿನ ಆಗುವವರೆಗೆ ಹತ್ತಿರ ಸೇರಬೇಡಿ ಎಂದು ಎರಡು ಸಲ ಹೇಳಿದಳು. ಅವಳು ಎರಡು ಸಲವೂ ತಲೆಯಾಡಿಸಿದಳು.

ಮದುವೆಯಾಗಿ ಹದಿನಾರು ವರ್ಷ. ಗಂಡ ಲಿಫ್ಟ್ ಕೂರಿಸುವ ಮೆಕ್ಯಾನಿಕ್. ಕಟ್ಟಡ ಎಲ್ಲಿದ್ದರೆ ಅಲ್ಲಿಗೆ ಹೋಗಿ ತಿಂಗಳುಗಟ್ಟಲೆ ಉಳಿಯುತ್ತಿದ್ದ. ಈ ಸಲ ಬಂದು ಇಪ್ಪತ್ತು ದಿನವಾಗಿತ್ತು. ಬಂದ ಮೇಲೆ ತನ್ನ ಒಳಬಟ್ಟೆ ತಾನೇ ಒಗೆದುಕೊಳ್ಳುತ್ತಿದ್ದ. ದಿನವೆಲ್ಲ ಊರವರ ಬಟ್ಟೆ ನೋಡಿ ಸಾಕಾಗಿರುತ್ತೆ ನಿನಗೆ ಎಂದಿದ್ದ. ಅವಳು ಅದನ್ನು ಲಾಂಡ್ರಿಯಲ್ಲಿ ಹೆಮ್ಮೆಯಿಂದ ಹೇಳಿಕೊಂಡಾಗ, ಇಸ್ತ್ರಿ ಮಾಡುವ ಅಕ್ಕ ಅಂಥ ಗಂಡನನ್ನು ಗಾಜಿನ ಪೆಟ್ಟಿಗೆಯಲ್ಲಿಡು ಎಂದು ನಗಾಡಿದ್ದಳು.

ಆ ಚೀಟಿ ಅವಳ ಕೈಚೀಲದಿಂದ ಹೊರಗೆ ಬರಲಿಲ್ಲ. ಕೊಟ್ಟರೆ ಕೇಳಬೇಕು, ಕೇಳಿದರೆ ಅವನು ಏನಾದರೂ ಹೇಳಬೇಕು. ಅದರ ಬದಲು, ಆ ಮನೆಯಲ್ಲಿ ಮೊದಲಿನಿಂದಲೂ ನಡೆದು ಬಂದದ್ದನ್ನೇ ಅವಳು ಮಾಡಿದಳು. ಅಲ್ಲಿ ಒಬ್ಬರಿಗೆ ತಂದ ಔಷಧಿ ಇಬ್ಬರಿಗೂ ಆಗುತ್ತಿತ್ತು. ನೆಗಡಿಯ ಮಾತ್ರೆ, ತಲೆನೋವಿನ ಮಾತ್ರೆ, ಯಾವುದಾದರೂ ಸರಿ, ನಿನಗೊಂದು ನನಗೊಂದು. ಬೆಳಗಿನದು ತನಗೆ, ಸಂಜೆಯದು ಅವನಿಗೆ. ಲಾಂಡ್ರಿಯಲ್ಲಿ ಎಲ್ಲರಿಗೂ ಹೊಟ್ಟೆಹುಳಕ್ಕೆ ಕೊಟ್ಟಿದ್ದಾರೆ ಎಂದು ಹೇಳಿ ಅವನ ಅಂಗೈಗೆ ಹಾಕಿದಳು.

"ಏಳು ದಿನ ನುಂಗ್ಬೇಕು ಅಂದ್ರೆ ಅದು ಹುಳ ಅಲ್ಲ ಕಣೇ, ಹಾವಿರ್ಬೇಕು," ಎಂದು ಅವನು ನೀರು ಕುಡಿದ.

ಬೆನ್ನುನೋವೆಂದು ಏಳು ದಿನ ದೂರ ಮಲಗಿದಳು. ಎಂಟನೆಯ ದಿನಕ್ಕೆ ನೆಪ ಉಳಿದಿರಲಿಲ್ಲ. ಉರಿಯೂ ಹೋಗಿತ್ತು, ಕಲೆಯೂ ಇರಲಿಲ್ಲ. ಗೆದ್ದೆ ಅಂದುಕೊಂಡಳು. ಮೂರು ವಾರಕ್ಕೆ ಎರಡೂ ತಿರುಗಿ ಬಂದವು.

ಮತ್ತೆ ಆಸ್ಪತ್ರೆಗೆ ಹೋದಾಗ ನರ್ಸು ಗದರಲಿಲ್ಲ. ಮಾತ್ರೆ ಎಷ್ಟು ನುಂಗಿದೆ ಎಂದು ಕೇಳಿದಳು. ಏಳು ಎಂದಳು ಅವಳು. ಉಳಿದದ್ದು ಏನಾಯಿತು ಎಂದರೆ, ಅವರಿಗೆ ಎಂದಳು. ನರ್ಸು ಪೆನ್ನು ಕೆಳಗಿಟ್ಟಳು.

"ನೋಡಮ್ಮ, ಈ ಕಾಯಿಲೆಗೆ ಮದ್ದು ಇಂಜೆಕ್ಷನ್. ಮಾತ್ರೆ ಕೊಟ್ಟಿದ್ದು ಇದರ ಜೊತೆ ಸೇರ್ಕೊಂಡು ಬರೋ ಇನ್ನೊಂದು ಸೋಂಕಿಗೆ. ನೀನು ಹಂಚಿದ್ದರಿಂದ ಇಬ್ಬರಿಗೂ ಪೂರ್ತಿ ಸಿಗಲಿಲ್ಲ. ಇಂಜೆಕ್ಷನ್ ಅವರಿಗೆ ಆಗಲೇ ಇಲ್ಲ. ನಿನಗೆ ವಾಸಿ ಆಗಿತ್ತು, ಅವರಿಂದ ಮತ್ತೆ ಬಂದಿದೆ." ಹೀಗೇ ಬಿಟ್ಟರೆ ಗರ್ಭಕೋಶದ ಒಳಗೆಲ್ಲ ಹರಡುತ್ತದೆ ಎಂದಳು. ಇನ್ನೊಂದು ಚೀಟಿ ಬರೆಯುತ್ತ ಸುಮ್ಮನೆ ಎಂಬಂತೆ ಕೇಳಿದಳು: "ಏನು ಮಾತ್ರೆ ಅಂತ ಅವರು ಕೇಳಲಿಲ್ವಾ?"

ದಾರಿಯುದ್ದಕ್ಕೂ ಆ ಮಾತೇ. ಬಲ್ಬು ತಂದರೆ ಯಾವ ಅಂಗಡಿಯದು ಎಂದು ಕೇಳುವವನು. ತಲೆಗೆ ಹಚ್ಚುವ ಎಣ್ಣೆಯ ಬಾಟಲಿಯ ಮೇಲಿನ ಸಣ್ಣಕ್ಷರವನ್ನೂ ಬಿಡದೆ ಓದುವವನು. ಏಳು ಸಂಜೆ ಹೆಸರಿಲ್ಲದ ಮಾತ್ರೆಗೆ ಕೈ ಚಾಚಿದ್ದ. ತಂತಿಯ ಮೇಲೆ ಅವನೇ ಒಗೆದು ಹಾಕಿದ ಬಟ್ಟೆ ಸಾಲಾಗಿ ಕಣ್ಣ ಮುಂದೆ ಬಂತು.

ಅವನು ಅಡುಗೆಮನೆಯ ನಲ್ಲಿಗೆ ವಾಷರ್ ಹಾಕುತ್ತಿದ್ದ. ಅವಳು ಚೀಟಿಯನ್ನು ಸ್ಪ್ಯಾನರಿನ ಪಕ್ಕ ಇಟ್ಟಳು. ಅವನು ಓದಿದ, ಮಡಿಸಿದ, ಮತ್ತೆ ಬಿಚ್ಚಿದ.

"ನಿಮಗೂ ಉರೀತಿತ್ತಾ?"

"ಮೊದಲು ಸ್ವಲ್ಪ ದಿನ. ಆಮೇಲೆ ತಾನಾಗೇ ಹೋಯ್ತು."

"ಎಲ್ಲಿಗೂ ಹೋಗಿಲ್ಲ. ನನ್ನ ಹತ್ರ ಇದೆ."

ಕೆಲಸಕ್ಕೆ ಹೋಗಿದ್ದ ಊರಿನಲ್ಲಿ, ಒಂದೇ ಸಲ ಎಂದು ಅವನು ಏನೋ ಹೇಳತೊಡಗಿದ. ಅವಳಿಗೆ ಅದು ಬೇಕಿರಲಿಲ್ಲ.

"ಮಾತ್ರೆ ಕೊಟ್ಟಾಗ ಯಾಕೆ ಕೇಳಲಿಲ್ಲ?"

ಅವನು ನಲ್ಲಿಯನ್ನೇ ನೋಡುತ್ತಿದ್ದ. "ನಿನಗೆ ಗೊತ್ತಾಗಿದೆ ಅಂದ್ಕೊಂಡೆ. ಗೊತ್ತಾಗಿಯೂ ಮಾತ್ರೆ ಕೊಡ್ತಿದ್ದಾಳೆ, ಕ್ಷಮಿಸಿದ್ದಾಳೆ ಅಂದ್ಕೊಂಡೆ."

"ನಾನು ಕೊಟ್ಟಿದ್ದು ಮಾತ್ರೆ," ಎಂದಳು ಅವಳು.

ಮರುದಿನ ಆಸ್ಪತ್ರೆಯಲ್ಲಿ ಇಬ್ಬರೂ ಒಂದೇ ಬೆಂಚಿನ ಎರಡು ತುದಿಯಲ್ಲಿ ಕೂತರು. ಅವಳಿಗೆ ಎರಡನೆಯ ಇಂಜೆಕ್ಷನ್, ಅವನಿಗೆ ಮೊದಲನೆಯದು. ಅವನು ಸೊಂಟ ಹಿಡಿದು ಕುಂಟುತ್ತ ಹೊರಗೆ ಬಂದಾಗ ಅವಳು ಕೈಕೊಡಲಿಲ್ಲ. ನರ್ಸು ಒಬ್ಬೊಬ್ಬರಿಗೆ ಒಂದೊಂದು ಪೊಟ್ಟಣ ಕೊಟ್ಟು ಮೇಲೆ ಹೆಸರು ಬರೆದಳು. ಅವಳು ತನ್ನದನ್ನು ಕೈಚೀಲದಲ್ಲಿ, ಅವನದನ್ನು ಮನೆಗೆ ಬಂದು ನೀರಿನ ಹೂಜಿಯ ಪಕ್ಕದಲ್ಲಿ ಇಟ್ಟಳು. ಹದಿನಾಲ್ಕೂ ಅವನು ನುಂಗಿದ, ಹದಿನಾಲ್ಕೂ ಅವಳು ನುಂಗಿದಳು. ಅವಳ ಹಾಸಿಗೆ ಹೊರಗಿನ ಕೋಣೆಗೆ ಬಂತು. ನರ್ಸು ಹೇಳಿದ್ದ ದಿನಗಳೆಲ್ಲ ಮುಗಿದ ಮೇಲೂ ಅದು ಅಲ್ಲೇ ಇತ್ತು.

ಮತ್ತೆ ಪರೀಕ್ಷೆ ಮಾಡಿಸಿದಾಗ ಇಬ್ಬರಲ್ಲೂ ಏನೂ ಸಿಗಲಿಲ್ಲ. ವಾಸಿಯಾಯಿತು ಎಂದು ವೈದ್ಯೆ ನಕ್ಕರು. ಅವಳು ನಗಲು ನೋಡಿದಳು.

ಮನೆಗೆ ಬಂದು ಅವನು ಬಕೆಟ್ಟಿಗೆ ತನ್ನ ಒಳಬಟ್ಟೆ ಹಾಕಿ ನಲ್ಲಿ ತಿರುಗಿಸಿದ.

"ಅಲ್ಲೇ ಬಿಡಿ," ಎಂದಳು ಅವಳು. "ಇನ್ಮೇಲೆ ನಾನೇ ಒಗೀತೀನಿ."

ಅವನ ಮುಖ ಅರಳಿತು. ಎಲ್ಲ ಸರಿಹೋಯಿತು ಎಂಬಂತೆ ಪಕ್ಕಕ್ಕೆ ಸರಿದ. ಅವಳು ಒದ್ದೆಯಾಗದೆ ಉಳಿದಿದ್ದ ಒಂದನ್ನು ಎತ್ತಿಕೊಂಡು ಕಿಟಕಿಯ ಬೆಳಕಿಗೆ ಹಿಡಿದಳು, ಲಾಂಡ್ರಿಯ ಮೇಜಿನ ಮೇಲೆ ಚಾದರ ನೋಡುವ ಹಾಗೆ, ಈ ಅಂಚಿನಿಂದ ಆ ಅಂಚಿನವರೆಗೆ. ಏನೂ ಇರಲಿಲ್ಲ. ತಿರುವಿ ಇನ್ನೊಂದು ಮಗ್ಗುಲನ್ನೂ ನೋಡಿದಳು. ಅವನು ಬಾಗಿಲಲ್ಲಿ ನಿಂತೇ ಇದ್ದ. ಅವಳು ಮುಂದಿನದನ್ನು ಎತ್ತಿಕೊಂಡಳು.