ಉಪವಾಸದಲ್ಲಿ ಹದ ಮಾಡಿದ ಟರ್ಕಿ ಬಿಲ್ಲೆ

ಅಮೆರಿಕದ ಜಾರ್ಜಿಯಾದ ನಮ್ಮ ಪುಟ್ಟ ಚರ್ಚಿನಲ್ಲಿ ಈಸ್ಟರ್ ಬೆಳಗಿನ ಸಾಸೇಜ್ ಬಿಲ್ಲೆಗಳು ಓಜೆಲ್ಲಾಳ ಕೈಯಿಂದಲೇ ಆಗಬೇಕು. ಯಾರೂ ಗೊತ್ತುಮಾಡಿದ್ದಲ್ಲ, ಮೂವತ್ತು ವರ್ಷಗಳಿಂದ ಹಾಗೇ ನಡೆದುಬಂದಿದೆ. ಕೊಚ್ಚಿದ ಹಂದಿಮಾಂಸಕ್ಕೆ ಸೇಜ್ ಸೊಪ್ಪು, ಮೆಣಸು ಬೆರೆಸಿ, ಅಂಗೈಯಲ್ಲಿ ತಟ್ಟಿ ಅವಳು ಕಾವಲಿಗೆ ಬಿಟ್ಟರೆ, ಆ ವಾಸನೆಗೆ ಪಾಸ್ಟರರ ಪ್ರಾರ್ಥನೆಯೂ ತುಸು ಚುರುಕಾಗುತ್ತಿತ್ತು. ದೇವರು ಕ್ಷಮಿಸಲಿ, ನಾನೂ ಬೇಗ ಆಮೆನ್ ಅಂದವಳೇ.

ಕಳೆದ ಶರತ್ಕಾಲದಲ್ಲಿ ಅವಳ ಗಂಡ ಥರ್ಮನ್ ಎದೆ ಹಿಡಿದುಕೊಂಡು ಅಂಗಳದಲ್ಲಿ ಕುಸಿದ. ಬದುಕಿದ್ದು ದೇವರ ಕರುಣೆ. ಇನ್ನು ಹಂದಿಯ ಸಾಸೇಜ್ ಮುಟ್ಟಬಾರದು, ಬೇಕಿದ್ದರೆ ಟರ್ಕಿ ಕೋಳಿಯದು ತಿನ್ನಲಿ ಎಂದರು ಡಾಕ್ಟರು. ಥರ್ಮನ್‌ಗೆ ಅದು ಅವಮಾನ. ಟರ್ಕಿ ಎಂದರೆ ನವೆಂಬರಿನ ಹಬ್ಬದೂಟಕ್ಕೆ ಒಮ್ಮೆ ಬರುವ ನೆಂಟ, ಅದು ದಿನಾ ಬೆಳಗ್ಗೆ ಬಂದು ಕೂತರೆ ಹೇಗೆ ಎಂಬುದು ಅವನ ವಾದ. ಚಳಿಗಾಲವಿಡೀ ಗರಗಸ ತರುವ ನೆಪದಲ್ಲಿ ತಮ್ಮನ ಮನೆಗೆ ಹೋಗಿ, ಮೀಸೆಗೆ ಜಿಡ್ಡು ಹಚ್ಚಿಕೊಂಡು ಬಂದ. ಗರಗಸ ಮಾತ್ರ ಒಮ್ಮೆಯೂ ಬರಲಿಲ್ಲ.

ಕೊನೆಗೆ ಓಜೆಲ್ಲಾ ಅತ್ತು ಕರೆದು ಅವನಿಂದ ಒಂದು ಮಾತು ಪಡೆದಳು. ಈಸ್ಟರಿಗೆ ಅವಳು ಟರ್ಕಿ ಬಿಲ್ಲೆ ಮಾಡುವುದು, ಅವನು ಒಂದನ್ನು ತಿನ್ನುವುದು. ರುಚಿಸಿದರೆ ಹಂದಿಯ ಸಹವಾಸ ಬಿಡುವುದು. ರುಚಿಸದಿದ್ದರೆ ಅವಳು ಮತ್ತೆಂದೂ ಆ ಹಕ್ಕಿಯ ಹೆಸರೆತ್ತಬಾರದು. ಹೀಗೆ ಗಂಡನ ಆಯುಸ್ಸು ಒಂದು ಬಿಲ್ಲೆಯ ಮೇಲೆ ನಿಂತಿತು.

ಆತುರದಲ್ಲಿ ಅವಳು ಒಂದನ್ನು ಮರೆತಿದ್ದಳು. ಶುಭ ಶುಕ್ರವಾರದ ಸಂಜೆಯಿಂದ ಈಸ್ಟರಿನ ಸೂರ್ಯೋದಯದ ಪ್ರಾರ್ಥನೆ ಮುಗಿಯುವವರೆಗೆ ನಮ್ಮವರು ನೀರು ಬಿಟ್ಟು ಬೇರೇನನ್ನೂ ಬಾಯಿಗೆ ಹಾಕುವುದಿಲ್ಲ. ಹಂದಿಮಾಂಸವಾದರೆ ಅವಳ ಕೈಯೇ ಹದ ಹೇಳುತ್ತಿತ್ತು. ಈ ಕೊಬ್ಬಿಲ್ಲದ ಮಾಂಸ ಕೈಗೆ ಏನನ್ನೂ ಹೇಳಲಿಲ್ಲ. ಶನಿವಾರ ಮಧ್ಯಾಹ್ನ ತನ್ನ ಅಡುಗೆಮನೆಯಲ್ಲಿ ಗೋಲಿಯಷ್ಟು ಚೂರನ್ನು ಹುರಿದು ತುಟಿಯ ಹತ್ತಿರ ತಂದಾಗ ಉಪವಾಸ ನೆನಪಾಯಿತು. ಪಕ್ಕದಲ್ಲಿ ಮರುದಿನದ ಊಟಕ್ಕೆ ಸೇಬು ತುರಿಯುತ್ತಿದ್ದ ನನ್ನದೂ ಉಪವಾಸವೇ. ಇಬ್ಬರೂ ಆ ಚೂರನ್ನೇ ನೋಡುತ್ತ ನಿಂತೆವು.

ಅಷ್ಟರಲ್ಲಿ ಥರ್ಮನ್ ಗುಳಿಗೆ ನುಂಗಲು ಒಳಗೆ ಬಂದ. ಬರಿಹೊಟ್ಟೆಗೆ ಗುಳಿಗೆ ಆಗದೆಂದು ಪಾಸ್ಟರರು ಅವನಿಗೆ ಉಪವಾಸ ಬಿಡಿಸಿದ್ದರು. ಓಜೆಲ್ಲಾ ಚೂರನ್ನು ಅವನ ಮುಂದೆ ಹಿಡಿದಳು.

"ಪಂದ್ಯ ನಾಳೆಗಲ್ವೇನೇ?" ಎಂದ ಅವನು.

"ಇದು ತಿನ್ನೋದಲ್ಲ ರೀ, ಹದ ನೋಡೋದು. ಅಪ್ಪನ ಮನೇಲಿ ಹಂದಿ ಕೊಯ್ದಾಗ ಹದ ಹೇಳ್ತಿದ್ದೋನು ನಾನೇ ಅಂತ ಊರೆಲ್ಲ ಸಾರ್ತೀರಲ್ಲ."

ಥರ್ಮನ್ ಅಗಿದ. ಸೂರು ನೋಡಿದ.

"ಹಾಡಿನ ಪುಸ್ತಕದ ರಟ್ಟು ಅಗಿದಂಗಿದೆ."

ಓಜೆಲ್ಲಾಳ ಮುಖ ಬಾಡಿತು. ಆದರೆ ಅವನು ಹೊರಗೆ ಹೋಗಲಿಲ್ಲ. ಸೇಜ್ ಸೊಪ್ಪಿಗೆ ಇಷ್ಟು ಜಿಪುಣತನವೇ ಎಂದು ಗೊಣಗುತ್ತ ಅಂಗಿಯ ತೋಳು ಮಡಚಿದ. ಉಪ್ಪು ಕೇಳಿದ, ಅವಳು ಭರಣಿಯನ್ನು ಸೊಂಟಕ್ಕೆ ಕಟ್ಟಿದ್ದ ಅಡುಗೆ ಬಟ್ಟೆಯೊಳಗೆ ಬಚ್ಚಿಟ್ಟಳು. ಹಾಗಾದರೆ ಕೆಂಪು ಮೆಣಸಿನಕಾಯಿ ಕೊಡು ಎಂದ. ಕೊಟ್ಟಳು. ನನ್ನ ಸೇಬಿನ ತುರಿಯನ್ನೂ ಕಸಿದುಕೊಂಡು ಬೆರೆಸಿದ. ಒಂದು ಚೂರು ಹುರಿಯುವುದು, ಅಗಿಯುವುದು, ಮತ್ತೆ ಮೆಣಸಿನಕಾಯಿ ಉದುರಿಸುವುದು. ಏಳನೆಯ ಚೂರಿಗೆ ಕಣ್ಣು ಮುಚ್ಚಿದ. ನನ್ನ ಹೊಟ್ಟೆ ಕೂಗಿದ್ದು ಇಬ್ಬರಿಗೂ ಕೇಳಿಸಿರಬೇಕು.

"ಇನ್ನೊಂದು ಹುರಿ."

"ಹದ ಬರ್ಲಿಲ್ವಾ?"

"ಬಂತು. ಖಾತ್ರಿ ಮಾಡ್ಕೋತೀನಿ."

ಈಸ್ಟರಿನ ಸೂರ್ಯ ಮೂಡಿ, ಕೊನೆಯ ಆಮೆನ್ ಮುಗಿಯುವ ಹೊತ್ತಿಗೆ ಥರ್ಮನ್ ಸಟ್ಟುಗ ಹಿಡಿದು ಕಾವಲಿಯ ಹಿಂದೆ ನಿಂತಿದ್ದ. ಮೊದಲ ಬಿಲ್ಲೆಯನ್ನು ಎಲ್ಲರ ಎದುರು ತಾನೇ ತಿಂದ. ಎರಡನೆಯದನ್ನು ಯಾರೂ ಕೇಳದಿದ್ದರೂ ತಿಂದ. ಅವನ ತಮ್ಮನೂ ತಟ್ಟೆ ಚಾಚಿ, ಇದೇನಣ್ಣ, ಟರ್ಕಿಯಾ ಎಂದು ನಕ್ಕ.

"ತಿಂದು ಮಾತಾಡೋ. ನಿನ್ನ ಹಂದಿ ನೀನೇ ಇಟ್ಕೋ, ನಾನಿನ್ನು ಆ ಕಡೆ ಬರಲ್ಲ."

ಓಜೆಲ್ಲಾ ಅದನ್ನು ಕೇಳಿಸಿಕೊಂಡಳು. ಕಣ್ಣು ಮುಚ್ಚಿ ತುಟಿಯಲ್ಲೇ ಏನೋ ಹೇಳಿಕೊಂಡಳು. ಯಾರಿಗೆ ಹೇಳಿದ್ದೆಂದು ನನಗೆ ಗೊತ್ತು. ಆಮೇಲೆ ತನ್ನ ಬಿಲ್ಲೆ ಮುರಿದು ಬಾಯಿಗಿಟ್ಟಳು. ಎರಡು ರಾತ್ರಿಯ ಬರಿಹೊಟ್ಟೆಗೆ ಥರ್ಮನ್‌ನ ಮೆಣಸಿನಕಾಯಿ. ಮುಖ ಕೆಂಪಾಗಿ ಕಣ್ಣೀರು ಧಾರೆಯಾಗಿ ಇಳಿಯಿತು. ಪಾಸ್ಟರರ ಹೆಂಡತಿ ಓಡಿಬಂದು ಅವಳನ್ನು ತಬ್ಬಿ, ಕರ್ತನು ಸಾವಿನಿಂದ ಎದ್ದ ದಿನ ಆನಂದ ತಡೆಯಬಾರದು, ಅತ್ತುಬಿಡು ಎಂದು ಬೆನ್ನು ಸವರಿದರು.

"ಹೆಂಗಿದೆಯೇ?" ಎಂದು ಥರ್ಮನ್ ಕಾವಲಿಯಾಚೆಯಿಂದ ಕೇಳಿದ.

ಅವಳು ಒಂದು ಲೋಟ ನೀರು ಪೂರಾ ಕುಡಿದು, ಗಂಟಲು ಸರಿಮಾಡಿಕೊಂಡಳು.

"ಇನ್ಮೇಲೆ ಹಿಂಗೇ ಇರ್ಲಿ."