ಅರವತ್ನಾಲ್ಕನ್ನು ಹೊಡೆದು ಮೂವತ್ತೆರಡು

ಮೂವತ್ತೆರಡು ಸಾಕಾದೀತೆ? ಆಟದ ಡಬ್ಬಿಯ ಮೇಲೆ ಅಷ್ಟೇ ಅಚ್ಚಾಗಿತ್ತು, ಕಂಪ್ಯೂಟರಿನ ನೆನಪು, ಅಂದರೆ ರ‍್ಯಾಮು, ಕನಿಷ್ಠ ಮೂವತ್ತೆರಡು ಎಂಬಿ ಎಂದು. ಆದರೆ ಕನಿಷ್ಠ ಎಂದರೆ ಚೆನ್ನಾಗಿ ಓಡುತ್ತದೆ ಎಂದೋ, ಹೇಗೋ ಓಡುತ್ತದೆ ಎಂದೋ? ಚಾಮರಾಜನಗರದ ಬಸ್ಸು ತೆರಕಣಾಂಬಿ ದಾಟಿದರೂ ಮಾದೇಶನಿಗೆ ಬಗೆಹರಿಯಲಿಲ್ಲ. ಜೇಬಿನಿಂದ ಬಿಡಿಭಾಗಗಳ ಪಟ್ಟಿಯನ್ನು ಮತ್ತೆ ತೆಗೆದ.

"ಎಷ್ಟು ಸತಿ ನೋಡೀಯಲಾ ಅದ? ಬಿಎಸ್ಸಿ ಪರೀಕ್ಸೆಗೂ ನೀನು ಇಷ್ಟು ಓದಿರ್ನಿಲ್ಲ" ಎಂದ ಪಕ್ಕದಲ್ಲಿದ್ದ ನಿಂಗರಾಜು.

"ಓದಿದ್ರೆ ನಿನ್ ಜೊತೆ ಯಾಕೆ ಬತ್ತಿದ್ದೆ ಬುಡು."

ನಿಂಗರಾಜು ಜೋರಾಗಿ ನಕ್ಕ. ಅವನ ಮಡಿಲಲ್ಲಿ ಪ್ಲಾಸ್ಟಿಕ್ ಚೀಲ, ಅದರೊಳಗೆ ಟವೆಲ್ಲಿನಲ್ಲಿ ಸುತ್ತಿದ ಮೂವತ್ತೆಂಟು ಸಾವಿರ. ಚೀಟಿ ಎತ್ತಿದ ಹಣಕ್ಕೆ ಮೊಪೆಡ್ ಮಾರಿದ್ದನ್ನು ಸೇರಿಸಿದ್ದ. ಮಾದೇಶನದು ಅದರಲ್ಲಿ ಒಂದು ರೂಪಾಯಿಯೂ ಇಲ್ಲ. ಅವನದು ತಿಳಿವಳಿಕೆ ಮಾತ್ರ. ಗುಂಡ್ಲುಪೇಟೆ ಬಸ್‌ಸ್ಟ್ಯಾಂಡಿನ ಹಿಂದೆ ಒಂದು ಕೋಣೆ ಹಿಡಿದಾಗಿತ್ತು. ಕಂಪ್ಯೂಟರಿನಲ್ಲಿ ಆಟ, ಗಂಟೆಗೆ ಹದಿನೈದು ರೂಪಾಯಿ. ಬರುವ ಲಾಭದಲ್ಲಿ ಅರ್ಧರ್ಧ. ತೊಂಬತ್ತೊಂಬತ್ತರ ಮಾರ್ಚಿನಲ್ಲಿ ಅಂಥ ಅಂಗಡಿ ಊರಿನಲ್ಲಿ ಇನ್ನೊಂದು ಇರಲಿಲ್ಲ.

ಪಟ್ಟಿ ಮೊದಲು ಸರಿಯಾಗಿಯೇ ಇತ್ತು. ಪ್ರೊಸೆಸರಿಗೆ ತಕ್ಕ ರ‍್ಯಾಮು, ರ‍್ಯಾಮಿಗೆ ತಕ್ಕ ಗ್ರಾಫಿಕ್ಸ್ ಕಾರ್ಡು, ಯಾವುದೂ ಹೆಚ್ಚಿಲ್ಲ, ಯಾವುದೂ ಕಡಿಮೆಯಿಲ್ಲ. ಆದರೆ ಮೈಸೂರಿನ ಒಂದು ಪ್ರದರ್ಶನದಲ್ಲಿ ಮಾದೇಶ ಕಂಪ್ಯೂಟರಿನಲ್ಲಿ ಕಾರಿನ ಪಂದ್ಯವೊಂದನ್ನು ನೋಡಿದ್ದ. ಒದ್ದೆ ರಸ್ತೆಯ ಮೇಲೆ ಬೀದಿದೀಪಗಳ ಬೆಳಕು ಬಿದ್ದು, ಕಾರು ಹಾದಂತೆ ಆ ಬೆಳಕು ಒಡೆದು ಮತ್ತೆ ಕೂಡಿಕೊಳ್ಳುತ್ತಿತ್ತು. ಹಿಂದೆ ನಿಂತವರು ತಳ್ಳುವವರೆಗೂ ಅವನು ಅಲ್ಲಿಂದ ಕದಲಿರಲಿಲ್ಲ. ಆ ಬೆಳಕಿಗೆ ದೊಡ್ಡ ಕಾರ್ಡೇ ಬೇಕು. ನಿನ್ನೆ ಪಟ್ಟಿಯಲ್ಲಿ ಕಾರ್ಡನ್ನು ಬದಲಿಸಿ, ಉಳಿದ ದುಡ್ಡಿಗೆ ಸರಿಹೊಂದಲೆಂದು ರ‍್ಯಾಮಿನ ಎದುರಿನ ಅರವತ್ನಾಲ್ಕನ್ನು ಹೊಡೆದು ಮೂವತ್ತೆರಡು ಎಂದು ಬರೆದಿದ್ದ.

ಚಾಮರಾಜನಗರ ಜಿಲ್ಲೆಯಾದ ಮೇಲೆ ಆಫೀಸುಗಳ ಜೊತೆಗೆ ಬಂದ ಅಂಗಡಿ ಗಂಗಾಧರಸ್ವಾಮಿಯವರದು. ಬೆಂಗಳೂರಿನಿಂದ ಬಿಡಿಭಾಗ ತಂದು ಅಲ್ಲೇ ಜೋಡಿಸಿಕೊಡುತ್ತಿದ್ದರು. ನಿಂಗರಾಜು ಎದುರಿನ ಹೋಟೆಲಿಗೆ ಟೀ ಹೇಳಲು ಹೋದ ಹೊತ್ತಿನಲ್ಲಿ ಅವರು ಪಟ್ಟಿಯ ಮೇಲೆ ಪೆನ್ನಿಟ್ಟು ನಿಲ್ಲಿಸಿದರು.

"ಮಾದೇಶ್, ಕಾರ್ಡು ಚಿತ್ರ ಬರೀತದೆ, ಸರಿ. ಬರೆಯೋಕೆ ಬೇಕಾದ್ದನ್ನ ಒದಗಿಸೋಕೆ ರ‍್ಯಾಮು ಬೇಕಲ್ಲ? ಮೂವತ್ತೆರಡರಲ್ಲಿ ತಡವರಿಸ್ತದೆ. ಕಾರ್ಡು ಒಂದು ಮೆಟ್ಟಿಲು ಇಳಿಸಿ, ರ‍್ಯಾಮು ಅರವತ್ನಾಲ್ಕು ಮಾಡಿ. ದುಡ್ಡು ಅಷ್ಟೇ ಆಗ್ತದೆ."

ಅದು ನಿಜ ಎಂದು ಮಾದೇಶನಿಗೆ ಗೊತ್ತಿತ್ತು. 'ಹಾಗೇ ಮಾಡಿ' ಎನ್ನಲು ಬಾಯಿ ತೆರೆಯುವಷ್ಟರಲ್ಲಿ ನಿಂಗರಾಜು ಒಳಗೆ ಬಂದ.

"ಏನಂತೆ?"

"ಪಟ್ಟಿಲಿ ಒಂಚೂರು ಬದಲಾಯ್ಸೋಣ ಅಂತಿದ್ದೆ" ಎಂದರು ಸ್ವಾಮಿ.

"ಅದೆಲ್ಲ ಬ್ಯಾಡಿ ಸ್ವಾಮ್ಯೋರೆ. ನಮ್ಮ ಮಾದೇಸ ಓದ್ದೋನು. ಅವ ಬರ್ದಂಗೇ ಆಕಿ. ಏನೂ ತಿಳೀದೋರು ಅಂತ ಅದೂ ಇದೂ ತಗಲಾಕ್ಬ್ಯಾಡಿ." ಮಾದೇಶನ ಹೆಗಲಿಗೆ ಒಂದು ಕೊಟ್ಟ. "ಅಲ್ವೇನ್ಲಾ?"

ಆ ಕೈ ಹೆಗಲ ಮೇಲೇ ಇತ್ತು. ಮಾದೇಶ ಹೂಂ ಎಂದ.

ಅಂಗಡಿ ತೆರೆದ ದಿನ ಕೋಣೆಯಲ್ಲಿ ನಿಲ್ಲಲು ಜಾಗವಿರಲಿಲ್ಲ. ಒದ್ದೆ ರಸ್ತೆಯ ಮೇಲೆ ಬೆಳಕು ಬಂತು, ಮೈಸೂರಿನಲ್ಲಿ ಕಂಡ ಹಾಗೆಯೇ. ಕಾರು ಮೊದಲ ತಿರುವಿಗೆ ಬರುತ್ತಿದ್ದಂತೆ ಕಂಪ್ಯೂಟರಿನ ಡಬ್ಬಿಯೊಳಗೆ ಡಿಸ್ಕು ಕರಕರ ಎಂದಿತು. ಚಿತ್ರ ನಿಂತಿತು, ಹಾರಿತು, ಮತ್ತೆ ನಿಂತಿತು.

"ನಿಂಗರಾಜಣ್ಣ, ನಿನ್ ಕಾರ್ಗೆ ಬಿಕ್ಕಳಿಕೆ ಕಣಣ್ಣ, ನೀರು ಕುಡ್ಸು" ಎಂದ ಲಾರಿ ಕ್ಲೀನರೊಬ್ಬ. ಇಡೀ ಕೋಣೆ ನಕ್ಕಿತು. ವಾರದೊಳಗೆ ಆಡುವವರು ಕಡಿಮೆಯಾಗಿ, ಬಿಕ್ಕಳಿಕೆ ನೋಡಲು ಬರುವವರೇ ಹೆಚ್ಚಾದರು.

ನಿಂಗರಾಜು ಮಾದೇಶನನ್ನು ಒಂದು ಮಾತೂ ಅನ್ನಲಿಲ್ಲ. ಅವನ ಸಿಟ್ಟೆಲ್ಲ ಸ್ವಾಮಿಯವರ ಮೇಲೆ. ಹಳೇ ಮಾಲು ಕೊಟ್ಟು ಮೋಸ ಮಾಡವ್ರೆ ಎಂದು ಬಸ್‌ಸ್ಟ್ಯಾಂಡಿನಲ್ಲೆಲ್ಲ ಹೇಳಿಕೊಂಡು ಬಂದ. ಟೈಪಿಂಗ್ ಕಲಿಸುತ್ತಿದ್ದ ಗೋವಿಂದಯ್ಯ ಸ್ವಾಮಿಯವರ ಅಂಗಡಿಯಿಂದಲೇ ಎರಡು ಕಂಪ್ಯೂಟರು ತರಿಸಬೇಕೆಂದಿದ್ದವರು, ಈ ಮಾತು ಕೇಳಿ ಮೈಸೂರಿಗೆ ಹೋಗಿಬಿಟ್ಟರು. ಅದನ್ನು ಕೇಳಿದ ದಿನ ಮಾದೇಶನಿಗೆ ಊಟ ಸೇರಲಿಲ್ಲ. ಮರುದಿನ ಬೆಳಿಗ್ಗೆ ಎದ್ದು, ನಿಂಗರಾಜುವಿಗೆ ನಿಜ ಹೇಳಿಬಿಡುತ್ತೇನೆ ಎಂದುಕೊಂಡೇ ಅಂಗಡಿಗೆ ಹೋದ. ಅಷ್ಟರಲ್ಲಿ ನಿಂಗರಾಜು ಡಬ್ಬಿಯನ್ನು ಗೋಣಿಯಲ್ಲಿ ಸುತ್ತಿ ಕಾಯುತ್ತಿದ್ದ.

"ನಡೀಲಾ, ಚಾಮರಾಜನಗರಕ್ಕೆ ಹೋಗನ. ಇವತ್ತು ಅವ್ರಿಗೆ ಐತೆ."

ಬಸ್ಸಿನಲ್ಲಿ ಮಾದೇಶ ಮೂರು ಸಲ ಗಂಟಲು ಸರಿಮಾಡಿಕೊಂಡ. ಮೂರನೆಯ ಸಲ ನಿಂಗರಾಜು, "ಸೀತ ಆಗದಾ?" ಎಂದು ಕೇಳಿ ಕಿಟಕಿ ಎಳೆದ.

ಅಂಗಡಿಯಲ್ಲಿ ನಿಂಗರಾಜು ಬೀದಿಗೆ ಕೇಳುವಂತೆ ಕೂಗಾಡಿದ. ಇಬ್ಬರು ಗಿರಾಕಿಗಳು ಎದ್ದು ಹೊರಗೆ ಹೋದರು. ಗಂಗಾಧರಸ್ವಾಮಿ ಎಲ್ಲವನ್ನೂ ಕೇಳಿದರು. ಆಮೇಲೆ ಮೆಲ್ಲಗೆ, "ಮಾದೇಶ್, ನೀವೇನಂತೀರಿ?" ಎಂದರು.

ಮಾದೇಶ ಗೋಣಿಯ ದಾರದ ಗಂಟು ಬಿಚ್ಚುತ್ತ, "ಏನಾದ್ರೂ ಮಾಡಿ ಸಾರ್" ಎಂದ.

ಸ್ವಾಮಿ ಅವನನ್ನೊಮ್ಮೆ ನೋಡಿದರು. ಕಪಾಟಿನಿಂದ ಇನ್ನೊಂದು ಮೂವತ್ತೆರಡರ ರ‍್ಯಾಮು ತೆಗೆದು, ಡಬ್ಬಿ ಬಿಚ್ಚಿ ಮೊದಲಿನದರ ಪಕ್ಕ ಕೂರಿಸಿದರು. ಅಲ್ಲೇ ಕಾರು ಓಡಿಸಿ ತೋರಿಸಿದರು. ತಿರುವಿನಲ್ಲಿ ಅದು ನಿಲ್ಲಲಿಲ್ಲ.

"ಇದರ ದುಡ್ಡು?" ಎಂದ ಮಾದೇಶ, ನೆಲ ನೋಡುತ್ತ.

"ಯಾವ ದುಡ್ಲಾ? ತಪ್ಪು ಅವರ್ದು!" ಎಂದ ನಿಂಗರಾಜು.

"ಆಯ್ತಪ್ಪ, ತಗೊಂಡು ಹೋಗಿ" ಎಂದರು ಸ್ವಾಮಿ.

ಹಿಂದಿರುಗುವಾಗ ನಿಂಗರಾಜು ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ದಾರಿಯುದ್ದಕ್ಕೂ ಬೀಗಿದ. "ನೋಡ್ದಾ? ನಾಕು ಬಯ್ದಿದ್ಕೆ ಎಂಗ್ ದಾರಿಗೆ ಬಂದ್ರು! ನಿನ್ ಪಟ್ಟಿ ಸರಿಯಾಗೇ ಇತ್ತು ಕಣ್ಲಾ, ನಂಗೊತ್ತಿತ್ತು."

ಆಟದ ಅಂಗಡಿ ಆಮೇಲೆ ಚೆನ್ನಾಗಿಯೇ ನಡೆಯಿತು. ಗಂಗಾಧರಸ್ವಾಮಿಯವರಲ್ಲಿಗೆ ಮಾತ್ರ ಗುಂಡ್ಲುಪೇಟೆಯಿಂದ ಯಾರೂ ಹೋಗುತ್ತಿರಲಿಲ್ಲ. ತಪ್ಪು ತನ್ನದೆಂದೂ, ಸ್ವಾಮಿಯವರು ಅದನ್ನು ಮೊದಲೇ ಹೇಳಿದ್ದರೆಂದೂ ಮಾದೇಶ ನಿಂಗರಾಜುವಿಗೆ ಯಾವತ್ತೂ ಹೇಳಲಿಲ್ಲ.